ವಿಘ್ನಭೋಜನ ಮೀಮಾಂಸೆ

ಪ್ರಯಾಣದಲ್ಲಿ ಒದಗುವ ವಿಘ್ನ ಭೋಜನಕ್ಕೆ ಅಡ್ಡಿಯಲ್ಲ, ಭೋಜನಕ್ಕೆ ಅದೇ ಕಾರಣ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಮಳೆಗಾಲದ ಒಂದು ಶನಿವಾರ ಮತ್ತು ಭಾನುವಾರ ಮುಂಬಯಿಯಲ್ಲಿ ನಡೆಸಿದ ಕ್ಷೇತ್ರಕಾರ್ಯ ಇದಕ್ಕೆ ಆಧಾರ. ಇದರ ವೆಚ್ಚವನ್ನು ಯಾವ ವಿಶ್ವವಿದ್ಯಾಲಯವೂ ಭರಿಸಲಿಲ್ಲ. ಸಹಸಂಶೋಧಕಿಯಾದ ನನ್ನ ಹೆಂಡತಿ ತನ್ನ ಪರ್ಸಿನಿಂದ ಭರಿಸಿದಳು. ಹೀಗಾಗಿ ಆಕೆಯ ಅಭಿಪ್ರಾಯಗಳನ್ನು ಅಡಿಟಿಪ್ಪಣಿಗೆ ತಳ್ಳುವ ಸ್ವಾತಂತ್ರ್ಯ ಪ್ರಬಂಧಕಾರನಿಗೆ ಇಲ್ಲ.

ಶಾಸ್ತ್ರ ಎಂದ ಮೇಲೆ ಪೂರ್ವಪಕ್ಷ ಬೇಕು. ಅದನ್ನು ಒದಗಿಸಿದವರು ಹೆಂಡತಿಯ ಅಣ್ಣ, ಅಂದರೆ ಡೊಂಬಿವಲಿಯ ನಮ್ಮ ಭಾವ. ಹುಬ್ಬಳ್ಳಿಯಲ್ಲಿ ಹುಟ್ಟಿ, ಆಯುಷ್ಯದ ಬಹುಪಾಲನ್ನು ಲೋಕಲ್ ರೈಲಿನ ಬಾಗಿಲಲ್ಲಿ ನಿಂತೇ ಕಳೆದ ಇವರ ದರ್ಶನವನ್ನು ವೇಳಾಪಟ್ಟಿವಾದ ಎನ್ನಬಹುದು. 'ಮುಂಬೈದಾಗ ಹೊಟ್ಟಿ ತುಂಬೂದು ಅಡಗಿಯಿಂದ ಅಲ್ಲರಿ, ಟೈಮಿಂಗ್‌ನಿಂದ' ಎಂಬುದು ಇವರ ಮೂಲಸೂತ್ರ. ನಾವು ಹುಬ್ಬಳ್ಳಿ ಬಿಡುವ ಮೊದಲೇ ಇವರು ವಾಟ್ಸ್ಆಪ್‌ನಲ್ಲಿ ಒಂದು ಪಟ್ಟಿ ಕಳಿಸಿದ್ದರು. ಶನಿವಾರ ಬೆಳಿಗ್ಗೆ ಮಾಟುಂಗಾದಲ್ಲಿ ಇಡ್ಲಿ, ಮಧ್ಯಾಹ್ನ ಬಲ್ಲಾರ್ಡ್ ಎಸ್ಟೇಟ್‌ನ ಬೆರ್ರಿ ಪುಲಾವ್, ಸಂಜೆ ಇನ್ನೊಂದು, ರಾತ್ರಿ ಮತ್ತೊಂದು. ಪ್ರತಿಯೊಂದರ ಎದುರಿಗೂ ಗಂಟೆ ನಿಮಿಷ.

ವೇಳಾಪಟ್ಟಿವಾದಕ್ಕೆ ದೊಡ್ಡ ದೃಷ್ಟಾಂತ ಡಬ್ಬಾವಾಲಾಗಳದ್ದು. 1890ರಲ್ಲಿ ಮಹಾದೇವ ಹಾವಾಜಿ ಬಚ್ಚೆ ಎಂಬವರು ಆರಂಭಿಸಿದ ಈ ವ್ಯವಸ್ಥೆಯಲ್ಲಿ ಮುಚ್ಚಳದ ಮೇಲೆ ಬರೆದ ಒಂದಿಷ್ಟು ಅಕ್ಷರ, ಅಂಕಿ, ಬಣ್ಣಗಳ ಗುರುತನ್ನೇ ನಂಬಿ ಮನೆಯ ಊಟ ಊರಿನ ಆ ತುದಿಯ ಕಚೇರಿ ಸೇರುತ್ತದೆ, ಖಾಲಿ ಡಬ್ಬಿ ಅದೇ ದಿನ ಮನೆಗೆ ಮರಳುತ್ತದೆ. 'ಡಬ್ಬಿ ಟೈಮಿಗೆ ಮುಟ್ಟತದ, ನೀವು ಯಾಕ ಮುಟ್ಟಂಗಿಲ್ಲ?' ಎಂದು ಪೂರ್ವಪಕ್ಷಿ ಕೇಳುತ್ತಾರೆ. ಉತ್ತರ ಸರಳ. ಡಬ್ಬಿಗೆ ಹಸಿವಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಬಿಸಿ ಬಾಣಲೆ ಕಂಡರೆ ಅದು ಇಳಿದು ನಿಲ್ಲುವುದಿಲ್ಲ. ಅಲ್ಲದೆ ಆ ವ್ಯವಸ್ಥೆಯಲ್ಲಿ ಊಟ ಓಡಾಡುತ್ತದೆ, ಉಣ್ಣುವವನು ಕುರ್ಚಿಯಲ್ಲಿ ಕೂತಿರುತ್ತಾನೆ. ಉಣ್ಣುವವನೇ ಓಡಾಡುವ ಪ್ರಸಂಗಕ್ಕೆ ಅದು ದೃಷ್ಟಾಂತವಾಗದು.

ಈಗ ವಿಘ್ನದ ಲಕ್ಷಣ. ವಿಘ್ನ ಎರಡು ಬಗೆ: ಸ್ಥಾವರ ಮತ್ತು ಜಂಗಮ. ರೈಲು ನಿಂತಲ್ಲೇ ನಿಂತರೆ ಸ್ಥಾವರವಿಘ್ನ. ರೈಲು ಚೆನ್ನಾಗಿಯೇ ಓಡಿ, ನಾವು ಇಳಿಯಬೇಕಾದಲ್ಲಿ ಮಾತ್ರ ನಿಲ್ಲದೆ ಹೋದರೆ ಜಂಗಮವಿಘ್ನ. ಟ್ಯಾಕ್ಸಿ ಓಡುತ್ತಿದ್ದು ಮೀಟರೂ ಓಡುತ್ತಿದ್ದು ರಸ್ತೆ ಮಾತ್ರ ನೀರಿನಡಿ ಇದ್ದರೆ ಅದು ಯಾವ ಬಗೆ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ.

ಸ್ಥಾವರವಿಘ್ನ ನಮಗೆ ಒದಗಿದ್ದು ಲೋಣಾವಳಾದಲ್ಲಿ. ಅಲ್ಲಿಂದ ಮುಂದೆ ಭೋರ್ ಘಾಟ್. 1863ರಲ್ಲಿ ಉದ್ಘಾಟನೆಯಾದ ಈ ಹಾದಿಯಲ್ಲಿ 37 ಅಡಿಗೆ ಒಂದು ಅಡಿ ಏರಿಳಿತ. ಮಳೆಗಾಲದಲ್ಲಿ ಬಂಡೆ ಉರುಳಿ ಹಳಿಯ ಮೇಲೆ ಕೂತರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಧ್ವನಿವರ್ಧಕ ಮೂರು ಭಾಷೆಗಳಲ್ಲಿ ಖೇದ ವ್ಯಕ್ತಪಡಿಸುತ್ತಲೇ ಇತ್ತು. ಇದನ್ನು ಶಬ್ದಪ್ರಮಾಣವಾಗಿ ಒಪ್ಪಬಹುದೇ ಎಂಬ ಜಿಜ್ಞಾಸೆ ಬೋಗಿಯಲ್ಲಿ ಎದ್ದಿತು. ಆ ವಾಣಿ ಯಂತ್ರದ್ದು, ದನಿ ಹೆಣ್ಣಿನದ್ದು. ಹೇಗೆ ನೋಡಿದರೂ ಅಪೌರುಷೇಯ. ಆದರೂ ಯಾರೂ ನಂಬಲಿಲ್ಲ. ಗಾರ್ಡ್ ಕೆಳಗಿಳಿದು ಚಹಾ ಕುಡಿಯಲು ನಿಂತದ್ದೇ ಪ್ರತ್ಯಕ್ಷಪ್ರಮಾಣವಾಯಿತು.

ನಿಂತ ರೈಲಿನಲ್ಲಿ ಮನುಷ್ಯರು ವರ್ತಿಸುವ ಕ್ರಮ ಅಧ್ಯಯನಯೋಗ್ಯ. ಮೊದಲು ಫೋನು ನೋಡುತ್ತಾರೆ. ಆಮೇಲೆ ಬಾಗಿಲಿಗೆ ಹೋಗಿ ಸಿಗ್ನಲ್ ನೋಡುತ್ತಾರೆ. ಅದಾದ ಮೇಲೆ ಯಾರೋ ಒಬ್ಬರು ಚೀಲದ ಜಿಪ್ ಎಳೆಯುತ್ತಾರೆ. ನಮ್ಮ ಬೋಗಿಯಲ್ಲಿ ಎಳೆದದ್ದು ಬೆಳಗಾವಿಯಲ್ಲಿ ಹತ್ತಿದ ಒಂದು ಕುಟುಂಬ. ಹೊರಬಂದದ್ದು ಕುಂದಾ. ಪ್ರತಿಯಾಗಿ ಏನನ್ನಾದರೂ ತೆರೆಯದಿದ್ದರೆ ಹುಬ್ಬಳ್ಳಿಯ ಮರ್ಯಾದೆ ಉಳಿಯುವುದಿಲ್ಲವಾದ್ದರಿಂದ ಭಾವನಿಗೆಂದು ಒಯ್ಯುತ್ತಿದ್ದ ಧಾರವಾಡ ಪೇಡೆಯ ಡಬ್ಬಿ ತೆರೆಯಲ್ಪಟ್ಟಿತು. (ಇಂಥ ಕಡೆ ಕರ್ಮಣಿ ಪ್ರಯೋಗ ಬಹಳ ಅನುಕೂಲ.) ಕೆಳಗೆ ಚಿಕ್ಕಿ ಕೊಂಡೆವು. ಈ ಹಳಿ ಹಾಕಿದ ಕೂಲಿಗಳಿಗಾಗಿಯೇ ಶೇಂಗಾ ಬೆಲ್ಲ ಕೂಡಿಸಿ ಮಾಡಿದ ತಿನಿಸು ಮುಂದೆ ಲೋಣಾವಳಾ ಚಿಕ್ಕಿಯಾಯಿತು ಎಂಬ ಐತಿಹ್ಯವಿದೆ. ಸುಟ್ಟ ಮೆಕ್ಕೆಜೋಳಕ್ಕೆ ನಿಂಬೆ, ಖಾರ ತಿಕ್ಕಿ ಕೊಡುವವನೂ ಅಲ್ಲೇ ಇದ್ದ.

ನಮ್ಮ ತಾರ್ಕಿಕರು ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ಊಹಿಸಿದರು. ಬೆಂಕಿ ಇದ್ದಲ್ಲಿ ಬಾಣಲೆಯೂ ಇರಬಹುದು ಎಂದು ಒಬ್ಬರೂ ಮುಂದುವರಿಯಲಿಲ್ಲ. ಘಾಟಿಯಲ್ಲಿ ನಿಂತ ರೈಲಿನೊಳಗೆ ಅವರು ಕೂತವರಲ್ಲ. ಅವರು ಬಿಟ್ಟ ಕೊಂಡಿಯನ್ನು ಇಲ್ಲಿ ಜೋಡಿಸುತ್ತಿದ್ದೇನೆ: ಎಲ್ಲೆಲ್ಲಿ ರೈಲು ನಿಲ್ಲುವುದೋ ಅಲ್ಲಲ್ಲಿ ಬಾಯಿ ಆಡುವುದು.

ಈ ವ್ಯಾಪ್ತಿಗೆ ಚರಿತ್ರೆಯ ಬೆಂಬಲ ಘಾಟಿಯ ಬುಡದಲ್ಲೇ ಇದೆ. ಮುಂಬಯಿಯಿಂದ ಪುಣೆಯ ಕಡೆ ಏರುವ ರೈಲನ್ನು ಹಿಂದಿನಿಂದ ತಳ್ಳಲು ಕರ್ಜತ್‌ನಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಅದಕ್ಕಾಗಿ ರೈಲು ಅಲ್ಲಿ ನಿಲ್ಲಲೇಬೇಕು. ಇಡೀ ಮಹಾರಾಷ್ಟ್ರ ಬಲ್ಲ ಕರ್ಜತ್‌ನ ಬಟಾಟೆ ವಡೆ ಈ ನಿಲುಗಡೆಯ ಕೂಸು. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಪೂರ್ವಪಕ್ಷಿ, 'ರೈಲು ನಿಂತರ ವಡಾ ಆಗಂಗಿಲ್ರಿ, ಬಟಾಟಿ ಕುದಿಸಿದ್ರ ಆಗತಾವ' ಎಂದರು. ನ್ಯಾಯಶಾಸ್ತ್ರದ ಹಳೆಯ ಆಕ್ಷೇಪವೇ ಇದು. ಮಣ್ಣು ಹೊತ್ತು ತಂದಿತೆಂದು ಕುಂಬಾರನ ಕತ್ತೆಯನ್ನು ಮಡಕೆಗೆ ಕಾರಣ ಎನ್ನಲಾಗದು. ನಿಂತ ರೈಲು ಹಾಗೆ ಬರಿಯ ಕತ್ತೆಯೋ, ಅಲ್ಲ ಸಾಕ್ಷಾತ್ ಕುಂಬಾರನೋ ಎಂಬುದನ್ನು ನಿರ್ಣಯಿಸಲು ಮಾಟುಂಗಾಕ್ಕೆ ಹೋಗಬೇಕು.

ಹೋಗುವುದು ಸುಲಭವಿರಲಿಲ್ಲ. ದಾದರಿನಲ್ಲಿ ಇಳಿದಾಗ ಇಡ್ಲಿಯ ಗಂಟೆ ಎಂದೋ ಮೀರಿತ್ತು. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಸುತ್ತ ನೀರು ನಿಲ್ಲುವುದು ಮುಂಬಯಿಯ ಮಳೆಗಾಲದ ವಾಡಿಕೆ. ಟ್ಯಾಕ್ಸಿಯವನು ಅದನ್ನು ದೂರದಿಂದ ನೋಡಿ, ಕೈಮುಗಿದು ನಮ್ಮನ್ನು ಇಳಿಸಿದ. ಪ್ಯಾಂಟು ಮಡಚಿ, ಸೀರೆ ಎತ್ತಿ ಹಿಡಿದು, ಸೂಟ್‌ಕೇಸನ್ನು ತಲೆಯ ಮೇಲಿಟ್ಟು ನಡೆದದ್ದು ಮಾಟುಂಗಾ ಸ್ಟೇಷನ್ನಿನ ಬಳಿಯ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ. ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಈ ಊಟದ ಮನೆ ಇರುವುದು ಮೊದಲ ಮಹಡಿಯಲ್ಲಿ. ಜಲಾಧ್ಯಾಯವನ್ನು ಮುಂಚಿತವಾಗಿ ಓದಿಕೊಂಡವರ ವಾಸ್ತುಜ್ಞಾನ ಇದು.

ಬಾಳೆ ಎಲೆ ಹಾಸಿದರು. ಪಲ್ಯ, ಹುಳಿ, ಸಾರು, ಪೂರಿ, ಹಪ್ಪಳ, ಮಜ್ಜಿಗೆ. ಸಾರಿನ ಎರಡನೆಯ ಸುತ್ತಿಗೆ ಮೂಗು ಕರಗಿತು, ಮೂರನೆಯ ಸುತ್ತಿಗೆ ಪಾದದ ತಣ್ಣಗಿನ ನೀರು ಮರೆತೇಹೋಯಿತು. ಹೊರಗೆ ಮಳೆ ನಿಲ್ಲುವ ಲಕ್ಷಣವಿಲ್ಲ. ಬಡಿಸುವವರು ಕನ್ನಡ ಕಿವಿಗೆ ಬಿದ್ದದ್ದೇ ಅನ್ನದ ಗುಡ್ಡೆ ಎತ್ತರಿಸಿದರು. ವೇಳಾಪಟ್ಟಿ ಪ್ರಕಾರ ನಾವು ಆ ಹೊತ್ತಿಗೆ ಬಲ್ಲಾರ್ಡ್ ಎಸ್ಟೇಟ್‌ನಲ್ಲಿ ಇರಬೇಕಾಗಿತ್ತು. ಭಾವನ ಕರೆ ಬಂದಾಗ ಸಹಸಂಶೋಧಕಿ ಎಡಗೈಯಲ್ಲಿ ಫೋನು ಹಿಡಿದು, 'ಅಣ್ಣಾ, ಇವರು ಸಂಶೋಧನಾ ಮಾಡಲಿಕ್ಕೆ ಹತ್ಯಾರ, ಮಜ್ಜಿಗಿ ತನಕಾ ಬಂದದ' ಎಂದಳು.

ಇಲ್ಲಿ ಪ್ರಬಂಧಕಾರ ಸ್ವಲ್ಪ ಹೊತ್ತು ಪಾಂಡಿತ್ಯ ಬಿಟ್ಟು ಮಾತಾಡುತ್ತಾನೆ. ಬೋರ್ಡಿಂಗ್ ಎನ್ನುವ ಈ ಸಂಸ್ಥೆ ಹುಟ್ಟಿದ್ದು ಯಾರಿಗಾಗಿ? ದಕ್ಷಿಣದಿಂದ ಬಂದ ಗುಮಾಸ್ತರು, ಬೆರಳಚ್ಚುಗಾರರು, ರೈಲ್ವೆ ನೌಕರರು ಒಂಟಿಯಾಗಿ ಕೋಣೆ ಹಿಡಿದದ್ದು ಈ ಮಾಟುಂಗಾದ ಸುತ್ತ. ಅಡುಗೆ ಮಾಡಿದವರೂ ಬಡಿಸಿದವರೂ ದಕ್ಷಿಣ ಕನ್ನಡದಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ಎಲೆಯ ಎದುರು ಕೂತವನಿಗೂ ಮನೆ ದೂರ, ಎಲೆಗೆ ಬಡಿಸಿದವನಿಗೂ ಮನೆ ದೂರ. ಘಾಟಿಯಲ್ಲಿ ಕಲ್ಲು ಸರಿಸಿದರೆ ಬಗೆಹರಿಯುವ ವಿಘ್ನವಲ್ಲ ಅದು. ವರ್ಷಗಟ್ಟಲೆ ನಿಂತ ರೈಲು. ಊರಿಗೆ ಹೋಗಲಾರದವರ ಹಸಿವಿನಿಂದ ಊರಿನ ಸಾರು ಮುಂಬಯಿಗೆ ಬಂತು. ಇದನ್ನು ಕುಂಬಾರನ ಕತ್ತೆ ಎಂದು ಕರೆಯುವ ಧೈರ್ಯ ಯಾವ ನೈಯಾಯಿಕನಿಗಿದೆ?

ಶನಿವಾರದ ಉಳಿದ ಭಾಗವನ್ನು ಚುಟುಕಾಗಿ ಹೇಳುತ್ತೇನೆ. 1923ರಿಂದ ಇರುವ ಬಲ್ಲಾರ್ಡ್ ಎಸ್ಟೇಟ್‌ನ ಆ ಇರಾನಿ ಹೋಟೆಲು ಮಧ್ಯಾಹ್ನದ ಊಟಕ್ಕಷ್ಟೇ ತೆರೆಯುವಂಥದ್ದು. ನಾವು ಹೋದಾಗ ಸಹಜವಾಗಿಯೇ ಮುಚ್ಚಿತ್ತು. ಹೀಗೆ ತಪ್ಪಿದ್ದು ಬೆರ್ರಿ ಪುಲಾವ್ ಒಂದು. ಆದರೆ ಅದು ತಪ್ಪಿದ್ದರಿಂದ ದಕ್ಕಿದ್ದನ್ನು ನೋಡಿ: 1904ರಿಂದ ಧೋಬಿ ತಲಾವಿನಲ್ಲಿರುವ ಕಯಾನಿಯ ಬನ್ ಮಸ್ಕಾ, ಇರಾನಿ ಚಹಾ, ಮಾವಾ ಕೇಕು, ಅಲ್ಲಿಂದ ಚರ್ಚ್‌ಗೇಟ್ ಕಡೆ ನಡೆದು, ಕೆ. ರುಸ್ತುಂ ಅವರಲ್ಲಿ ಎರಡು ಬಿಸ್ಕತ್ತಿನ ಹಾಳೆಗಳ ನಡುವೆ ಇಟ್ಟಿಗೆಯಂತೆ ಕೂತ ಐಸ್‌ಕ್ರೀಮು. ಒಂದು ವಿಘ್ನಕ್ಕೆ ನಾಲ್ಕು ತಿನಿಸು. ಇಂಥ ಬಡ್ಡಿಯನ್ನು ಯಾವ ಬ್ಯಾಂಕೂ ಕೊಡುವುದಿಲ್ಲ.

ರಾತ್ರಿ ಪಾವ್‌ಭಾಜಿ. ಅದರ ಮೂಲದ ಬಗ್ಗೆ ಎರಡು ಸಂಪ್ರದಾಯಗಳಿವೆ. ಪಾಳಿ ಮುಗಿಸಿ ಹೊರಬಿದ್ದ ಗಿರಣಿ ಕಾರ್ಮಿಕರಿಗೆ ಅವಸರದಲ್ಲಿ ಹೊಟ್ಟೆ ತುಂಬಿಸಲು ಉಳಿದ ತರಕಾರಿಯನ್ನು ಕಾವಲಿಯ ಮೇಲೆ ಜಜ್ಜಿ ಮಾಡಿದ್ದು ಎನ್ನುವುದು ಒಂದು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ, ದೂರದೇಶದ ತಂತಿಗಾಗಿ ರಾತ್ರಿಯಿಡೀ ಕಾದ ದಲಾಲರಿಗಾಗಿ ಹುಟ್ಟಿದ್ದು ಎನ್ನುವುದು ಇನ್ನೊಂದು. ಯಾವುದು ಸರಿಯಾದರೂ ನನಗೆ ನಷ್ಟವಿಲ್ಲ. ಎರಡರಲ್ಲೂ ತಿಂದವರು ಹೊತ್ತಿಗೆ ಮನೆ ಸೇರಲಾಗದವರು.

ಭಾನುವಾರ ಜಂಗಮವಿಘ್ನದ ದಿನ. ಪೂರ್ವಪಕ್ಷಿ ಸ್ವತಃ ನೇತೃತ್ವ ವಹಿಸಿದರು. 'ಇವತ್ತು ನನ್ನ ಹಿಂದ ಬರ್ರಿ' ಎಂದು ಡೊಂಬಿವಲಿಯಲ್ಲಿ ನಮ್ಮನ್ನು ಒಂದು ಲೋಕಲ್‌ಗೆ ತಳ್ಳಿದರು. ಭಾನುವಾರ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇರುವುದು, ಮಧ್ಯ ಮಾರ್ಗದಲ್ಲಿ ಅದು ಹೆಚ್ಚಾಗಿ ಮಾಟುಂಗಾ ಮುಲುಂಡ್ ನಡುವೆ ಬರುವುದು, ಆಗ ಸ್ಲೋ ಗಾಡಿಗಳು ಫಾಸ್ಟ್ ಹಳಿಗೆ ಹೊರಳುವುದು ಇವೆಲ್ಲ ಅವರಿಗೆ ಬಾಯಿಪಾಠ. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ ಎಂಬುದಂತೂ ಅವರ ಬೀಜಮಂತ್ರ. ನಾವು ಕೂತ ಗಾಡಿ ಮಾಟುಂಗಾದ ಫಲಕವನ್ನು ಕಿಟಕಿಯಲ್ಲಿ ಸ್ಪಷ್ಟವಾಗಿ ತೋರಿಸಿ, ಅದೇ ವೇಗದಲ್ಲಿ ಮುಂದೆ ಹೋಯಿತು. ಭಾವ ಬಾಗಿಲಿನ ಕಂಬ ಹಿಡಿದು ನಿಂತವರು ತಿರುಗಿ ನೋಡಲಿಲ್ಲ.

ದಾದರಿನಲ್ಲಿ ಇಳಿದೆವು. ಈ ಸ್ಟೇಷನ್ನಿನ ಹೊರಗೇ ಅಶೋಕ ವೈದ್ಯ ಎಂಬವರು 1966ರಲ್ಲಿ ವಡಾಪಾವ್ ಮಾರತೊಡಗಿದರು ಎನ್ನುತ್ತಾರೆ. ಒಂದು ರೈಲು ಇಳಿದು ಇನ್ನೊಂದು ರೈಲಿಗೆ ಓಡುವವನು ಕೂತು ಉಣ್ಣಲಾರ, ತಟ್ಟೆ ಹಿಡಿಯಲಾರ. ಒಂದು ಕೈ ಚೀಲಕ್ಕೆ, ಇನ್ನೊಂದು ಕೈ ಬಾಯಿಗೆ. ಹೀಗಾಗಿ ವಡೆ ಪಾವಿನೊಳಗೆ ಹೊಕ್ಕಿತು. ಭಾವ ಒಣ ಬೆಳ್ಳುಳ್ಳಿ ಚಟ್ನಿ ಹೆಚ್ಚಿಗೆ ಹಾಕಿಸಿಕೊಂಡು ಒಂದನ್ನು ತಿಂದರು. ಇನ್ನೊಂದನ್ನೂ ತಿಂದರು. ಪಟ್ಟಿಯಲ್ಲಿ ಇರದ ತಿನಿಸನ್ನು ಪೂರ್ವಪಕ್ಷಿ ಎರಡನೆಯ ಸಲ ಕೇಳಿ ತಿಂದರೆ ವಾದ ಮುಗಿದಂತೆ ಎಂಬುದು ಈ ಶಾಸ್ತ್ರದ ನಿಯಮ. ನಿಯಮ ಮಾಡಿದವನು ನಾನೇ.

ಮಾಟುಂಗಾದವರೆಗೆ ನಡೆದೆವು. ಕೆಫೆ ಮದ್ರಾಸಿನ ಹೊರಗೆ ಕಾಲುದಾರಿಯ ಮೇಲೆ ಜನ, ಹೆಸರು ಬರೆಸಿ ಕಾಯುತ್ತ, ಒಳಗೆ ಉಣ್ಣುತ್ತಿದ್ದವರನ್ನು ಕಣ್ಣಿನಿಂದಲೇ ಎಬ್ಬಿಸಲು ಪ್ರಯತ್ನಿಸುತ್ತಿದ್ದರು. ರೈಲಿನ ನೆರವಿಲ್ಲದೆ, ಹೋಟೆಲು ತಾನೇ ಸೃಷ್ಟಿಸಿಕೊಂಡ ಸ್ಥಾವರವಿಘ್ನ ಇದು. ಇದರ ಫಲವಾಗಿ, ಇಡ್ಲಿಗೆಂದು ಬಂದವರು ಒಳಹೊಕ್ಕ ಮೇಲೆ ರಸಂ ವಡೆ, ರಾಗಿ ದೋಸೆ, ಬೆಲ್ಲ ಕೊಬ್ಬರಿಯ ಜೊತೆ ನೀರುದೋಸೆ ಎಲ್ಲವನ್ನೂ ತರಿಸಿದೆವು. ಅಷ್ಟು ಕಾದು ಬರಿಯ ಇಡ್ಲಿ ತಿಂದು ಏಳುವುದು ಲೋಕವ್ಯವಹಾರಕ್ಕೆ ವಿರುದ್ಧ.

ಇದರ ಮುಂದಿನ ಜೀರ್ಣಾಧ್ಯಾಯ ಹಸ್ತಪ್ರತಿಯಲ್ಲಿ ಲುಪ್ತವಾಗಿದೆ. ಓಮಿನ ಕಾಳು, ಸೋಡಾ ಎಂಬ ಎರಡು ಶಬ್ದಗಳನ್ನು ಮಾತ್ರ ಓದಬಹುದು.

ಕಾರಣವಿದ್ದಲ್ಲಿ ಕಾರ್ಯವುಂಟು ಎಂದು ತೋರಿಸಿದರೆ ಸಾಲದು. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲ ಎಂದು ವ್ಯತಿರೇಕದಿಂದ ಸಾಧಿಸಬೇಕು. ಆ ಭಾಗ್ಯವೂ ಭಾನುವಾರ ರಾತ್ರಿ ಒದಗಿತು. ಮಳೆ ನಿಂತಿತ್ತು, ರಸ್ತೆ ಒಣಗಿತ್ತು. ರೈಲು ಹೇಗೂ ತಡವಾಗಿ ಹೊರಡುತ್ತದೆ, ದಾದರಿನಲ್ಲಿ ನಿಧಾನವಾಗಿ ಉಂಡರಾಯಿತು ಎಂಬುದು ಸಂಶೋಧನೆಯ ಆಧಾರದ ಮೇಲೆ ನಾನು ಹಾಕಿದ ಯೋಜನೆ. ರೈಲು ನಿಮಿಷಕ್ಕೆ ಸರಿಯಾಗಿ ಹೊರಟಿತು. ಉಣ್ಣದೆ ಓಡಿ ಹತ್ತಿದೆವು. ಕರ್ಜತ್‌ನಲ್ಲಿ ನಿಂತಾಗ ಪ್ಲಾಟ್‌ಫಾರ್ಮಿಗೆ ಇಳಿದು ಆಚೀಚೆ ನೋಡಿದೆ. ರಾತ್ರಿ ಬಹಳ ಆಗಿತ್ತು. ಹಿಂದೆ ಎಂಜಿನ್ ಜೋಡಿಸಿದ ಸಣ್ಣ ಕುಲುಕಾಟ ಬಂತು, ವಡೆ ಬರಲಿಲ್ಲ.

ಕರ್ಜತ್‌ನ ನಿಲುಗಡೆ ವೇಳಾಪಟ್ಟಿಯಲ್ಲೇ ನಮೂದಾಗಿರುವುದರಿಂದ ಶಾಸ್ತ್ರೀಯ ಅರ್ಥದಲ್ಲಿ ಅದು ವಿಘ್ನವೇ ಅಲ್ಲ, ವಡೆ ಬಾರದಿರುವುದು ಸಿದ್ಧಾಂತಕ್ಕೆ ಭೂಷಣ ಎಂದು ಸಹಸಂಶೋಧಕಿಗೆ ವಿವರಿಸಿದೆ.

'ನಿನ್ನೆ ಇದೇ ಕರ್ಜತ್ ನಿಮಗ ಸಾಕ್ಷಿ ಆಗಿತ್ತಲ್ಲ?' ಎಂದಳು.

ಸಾಕ್ಷಿಗೂ ದೃಷ್ಟಾಂತಕ್ಕೂ ಇರುವ ಭೇದವನ್ನು ಹೇಳಲು ಹೊರಟೆ. ಅಷ್ಟರಲ್ಲಿ ಆಕೆ ಚೀಲದ ಜಿಪ್ ಎಳೆದು, ಅತ್ತಿಗೆ ಡೊಂಬಿವಲಿಯಲ್ಲಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದಳು. 'ವೈನಿ ಕೊಟ್ಟ ಚಪಾತಿ ನನಗಷ್ಟ ಆಗತಾವ. ನೀವು ನಿಮ್ಮ ಸಿದ್ಧಾಂತಕ್ಕ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ರಿ.'

ಉಪ್ಪಿನಕಾಯಿ ಮಾವಿನದು. ಖಾರ ಸ್ವಲ್ಪ ಮುಂದಿತ್ತು.