ಬಾಗಲಗುಂಟೆಯ ವ್ಯಾಯಾಮ ಶಾಸನಗಳು: ಒಂದು ಕೌಟುಂಬಿಕ ಅಧ್ಯಯನ

ಕನ್ನಡ ಶಾಸನಶಾಸ್ತ್ರ ಹಲ್ಮಿಡಿಯ ಕಲ್ಲನ್ನು ಓದಿತು, ತಾಮ್ರಪಟಗಳನ್ನು ಓದಿತು, ಕೆರೆ ಏರಿಯಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಚಪ್ಪಡಿಯನ್ನು ಮಗುಚಿ ಅದನ್ನೂ ಓದಿತು. ಆದರೆ ಹೆಸರಘಟ್ಟ ರಸ್ತೆಯ ಕಂಬಗಳಿಗೆ ತಂತಿಯಲ್ಲಿ ಬಿಗಿದಿರುವ ಜಿಮ್ ಫ್ಲೆಕ್ಸುಗಳ ಪಡಿಯಚ್ಚನ್ನು ಯಾವ ವಿದ್ವಾಂಸನೂ ಇದುವರೆಗೆ ತೆಗೆದಿಲ್ಲ. ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಸಂಸಾರಕ್ಕೆ ಒಗ್ಗುವ ಜಿಮ್ಮನ್ನು ಆರಿಸುವ ಬಗೆ ಯಾವುದು ಎಂಬುದು ಇಲ್ಲಿನ ಪ್ರಮೇಯ. ಸಂಶೋಧನೆಗೆ ಪ್ರೇರಣೆ ನೀಡಿದವರು ನನ್ನ ರಕ್ತಪರೀಕ್ಷೆಯ ವರದಿಯನ್ನು ಮೌನವಾಗಿ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡ ಡಾಕ್ಟರು.

ಅಧ್ಯಯನದ ವ್ಯಾಪ್ತಿ ಎಂಟನೇ ಮೈಲಿಯಿಂದ ಬಾಗಲಗುಂಟೆ, ಎಂಇಐ ಬಡಾವಣೆಗಳವರೆಗೆ. ಮಲ್ಲಸಂದ್ರದ ಜಿಮ್ಮುಗಳನ್ನು ಕೈಬಿಡಲಾಗಿದೆ. ಸಂಜೆ ಆರರ ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಹೋಗಿಬರುವುದೇ ಪ್ರತ್ಯೇಕ ಸಂಶೋಧನೆಯಾದೀತು. ಕಾಲವಿಭಾಗವನ್ನು ಮೆಟ್ರೋವನ್ನು ಅನುಸರಿಸಿ ಮಾಡಿಕೊಂಡಿದ್ದೇನೆ. 2015ರ ಮೇ 1ರಂದು ನಾಗಸಂದ್ರಕ್ಕೆ ರೈಲು ಬರುವ ಮುನ್ನ ಈ ಭಾಗದ ಜನ ಬಿಎಂಟಿಸಿ ಬಸ್ಸಿನ ಹಿಂದೆ ಓಡುತ್ತಿದ್ದರು, ಇದು ಓಟಯುಗ. ಆಮೇಲೆ ನಾಗಸಂದ್ರವೇ ಕೊನೆಯ ನಿಲ್ದಾಣವಾಗಿದ್ದರಿಂದ ಖಾಲಿ ರೈಲು ಸಿಗುತ್ತಿತ್ತು; ಇದು ಆಸನಯುಗ. ಹೊಟ್ಟೆ ಬೆಳೆದದ್ದು ಈ ಅವಧಿಯಲ್ಲೇ ಎಂಬುದರಲ್ಲಿ ಸಂಶಯವಿಲ್ಲ. 2024ರ ನವೆಂಬರ್ 7ರಂದು ಮಾರ್ಗ ಮಾದಾವರದವರೆಗೆ ಹೋಯಿತು. ಈಗ ಸೀಟುಗಳು ಅಲ್ಲಿಂದಲೇ ತುಂಬಿ ಬರುವುದರಿಂದ ನಾವು ನಿಲ್ಲುವ ವ್ಯಾಯಾಮಕ್ಕೆ ಮರಳಿದ್ದೇವೆ.

ಇನ್ನು ಶಾಸನದ ಪಾಠ. ಕಂಬವೊಂದರ ಮೇಲೆ ಸಿಕ್ಕ ಉತ್ತಮ ಸ್ಥಿತಿಯ ಪ್ರತಿ ಹೀಗಿದೆ:

1. ಶ್ರೀ ಆಂಜನೇಯ ಸ್ವಾಮಿ ಪ್ರಸನ್ನ
2. ಹಬ್ಬದ ಭರ್ಜರಿ ಆಫರ್! 1 ವರ್ಷಕ್ಕೆ ಸೇರಿದರೆ 3 ತಿಂಗಳು ಉಚಿತ
3. ಫ್ಯಾಮಿಲಿ ಪ್ಯಾಕೇಜ್, ಸ್ಟೀಮ್, ಜುಂಬಾ, ಲೇಡೀಸ್ ಬ್ಯಾಚ್ ಪ್ರತ್ಯೇಕ
4. ಈ ಆಫರ್ ಕೆಲವೇ ದಿನ
5. (ಅಕ್ಷರ ಅತಿ ಸಣ್ಣದು, ಮಸುಕು) ಕಟ್ಟಿದ ಹಣ ವಾಪಸ್ ಇರುವುದಿಲ್ಲ

ಪರಂಪರೆ ಎಷ್ಟು ನಿಷ್ಠೆಯಿಂದ ಉಳಿದುಬಂದಿದೆ ನೋಡಿ. ಮೊದಲ ಸಾಲು ಮಂಗಳಾಚರಣೆ. ಎರಡು ಮತ್ತು ಮೂರನೆಯ ಸಾಲುಗಳಲ್ಲಿ ದತ್ತಿಯ ವಿವರ. ಯಾವ ಹಬ್ಬ ಎಂದು ಹೇಳದಿರುವುದು ಲಿಪಿಕಾರನ ಜಾಣತನ. ಅದರಿಂದಾಗಿ ಶಾಸನದ ಕಾಲನಿರ್ಣಯ ಅಸಾಧ್ಯವಾಗಿದೆ. ಯುಗಾದಿಗೆ ಕಟ್ಟಿದ್ದು ದೀಪಾವಳಿಯಲ್ಲೂ ಅಲ್ಲೇ ಇರುವುದನ್ನು ಗಮನಿಸಿದರೆ ನಾಲ್ಕನೆಯ ಸಾಲನ್ನು ‘ಆಚಂದ್ರಾರ್ಕಸ್ಥಾಯಿಯಾಗಿ’ ಎಂದೇ ಓದಿಕೊಳ್ಳಬೇಕಾಗುತ್ತದೆ. ಐದನೆಯದು ಶಾಪಾಶಯ. ಹಿಂದಿನವರು ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲಿ ಎನ್ನುತ್ತಿದ್ದರು. ಇಲ್ಲಿ ಪಾಪವೆಲ್ಲ ದತ್ತಿ ಪಡೆದವನಿಗೇ.

ಶಾಸನಗಳಲ್ಲಿ ಸುಂಕ ಬಿಟ್ಟ ಪ್ರಸ್ತಾಪ ಬರುವುದು ವಾಡಿಕೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಇಷ್ಟು ದೊಡ್ಡ ಸುಂಕವಿನಾಯಿತಿಯ ಬಗ್ಗೆ ನಾನು ಪರಿಶೀಲಿಸಿದ ಯಾವ ಫ್ಲೆಕ್ಸೂ ಬಾಯಿ ಬಿಡುವುದಿಲ್ಲ. ಕೌಂಟರಿನಲ್ಲಿ ಕೇಳಿದಾಗ, ‘ಅದೆಲ್ಲ ಸೇರಿಸೇ ರೇಟು ಸರ್’ ಎಂಬ ಮೌಖಿಕ ಆಕರವೊಂದು ಲಭ್ಯವಾಯಿತು.

ಮೆಟ್ಟಿಲು ಹತ್ತಿದರೆ ಒಳಗೋಡೆಯ ಮೇಲೆ ‘ಮೊದಲು, ನಂತರ’ ಎಂಬ ಜೋಡಿ ಚಿತ್ರ. ಇದು ವೀರಗಲ್ಲಿನ ಸಂತತಿ. ಉತ್ತರ ಬೆಂಗಳೂರು ವೀರಗಲ್ಲುಗಳಿಗೆ ಹೊಸದೇನಲ್ಲ. ಗಂಗರ ಶ್ರೀಪುರುಷನ ಕಾಲದ, ಅಂದರೆ ಎಂಟನೆಯ ಶತಮಾನದ ಕಿತ್ತಯ್ಯನ ಕಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂತು. ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಜಿಮ್ಮಿನ ಗೋಡೆಯಲ್ಲಿ ಎರಡೇ ಹಂತ. ಚಂದಾ ಮುಗಿದ ಮೇಲೆ ವೀರನ ಹೊಟ್ಟೆ ಎಲ್ಲಿಗೆ ಬಂತು ಎಂಬ ಮೂರನೆಯ ಹಂತವನ್ನು ರೂವಾರಿ ಕಡೆದೇ ಇಲ್ಲ.

ಪೂರ್ವಪರಂಪರೆಯ ಬಗ್ಗೆ ಎರಡು ಮಾತು. ಗರಡಿಮನೆ, ಕೆಮ್ಮಣ್ಣು, ಗದೆ, ಗುಂಡುಕಲ್ಲುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮೀಸೆ ಇನ್ನೂ ಪೂರ್ತಿ ಬಾರದ ಟ್ರೈನರ್ ‘ರಾತ್ರಿ ಮುದ್ದೆ ಬಿಟ್ಬಿಡಿ ಸರ್’ ಎಂದದ್ದನ್ನು ಮನೆಯಲ್ಲಿ ವರದಿ ಮಾಡಿದಾಗ ಅಮ್ಮ, ‘ಗುಂಡು ಎತ್ತಿದೋರೆಲ್ಲ ಏನ್ ತಿಂದು ಎತ್ತಿದ್ರಂತೆ, ಕೇಳ್ಕೊಂಡ್ ಬಾ’ ಎಂದರು. ಆ ಪ್ರಶ್ನೆ ಇನ್ನೂ ಬಾಕಿ ಇದೆ. ವಿಸ್ತರಿಸಬೇಕಾದದ್ದು ಕೆ.ವಿ. ಅಯ್ಯರ್ ಅವರ ಬಗ್ಗೆ. ಜೆ.ಸಿ. ರಸ್ತೆಯಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಅವರು 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದರು, ಕೈಲಾಸಂ ಅವರ ಒಡನಾಡಿಯಾಗಿದ್ದರು, ‘ಶಾಂತಲಾ’, ‘ರೂಪದರ್ಶಿ’ಗಳಂಥ ಕಾದಂಬರಿ ಬರೆದರು. ಇಂದಿನ ಟ್ರೈನರುಗಳಿಂದ ಕಾದಂಬರಿ ನಿರೀಕ್ಷಿಸುವುದು ಅತಿಯಾದೀತು. ವಾಟ್ಸಾಪ್ ಸ್ಟೇಟಸ್ಸಿಗೆ ತೃಪ್ತರಾಗೋಣ. ಆದರೆ ಅಯ್ಯರ್ ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು ಎಂಬುದು ನಮ್ಮ ಪ್ರಮೇಯಕ್ಕೆ ಮುಖ್ಯ. ಅಂಚೆಯಲ್ಲಿ ಬಂದ ಪಾಠಕ್ಕೆ ಬೀಗ ಹಾಕುವ ಹೊತ್ತಿಲ್ಲ. ಸಾರು ಇಳಿಸಿದ ಮೇಲೂ ತೆರೆಯಬಹುದು.

ಇಲ್ಲಿಂದ ಪ್ರಬಂಧದ ಮುಖ್ಯ ಭಾಗ.

ಜಿಮ್ಮನ್ನು ಯಂತ್ರಗಳಿಂದ ಅಳೆಯಬೇಕೆಂದು ಒಂದು ಪಂಥ, ಪಾರ್ಕಿಂಗಿನಿಂದ ಅಳೆಯಬೇಕೆಂದು ಇನ್ನೊಂದು. ಎರಡನ್ನೂ ಖಂಡಿಸುತ್ತೇನೆ. ಕ್ಷೇತ್ರಕಾರ್ಯದಲ್ಲಿ ನಾನು ನೋಡಿದ ಜಿಮ್ಮುಗಳೆಲ್ಲ ಬೆಳಗ್ಗೆ ಐದರಿಂದ ಹತ್ತು, ಸಂಜೆ ಐದರಿಂದ ಹತ್ತು. ಹನ್ನೊಂದರಿಂದ ಹನ್ನೆರಡು ಲೇಡೀಸ್ ಬ್ಯಾಚ್. ಮಧ್ಯಾಹ್ನ ಶಟರ್ ಎಳೆದಿರುತ್ತದೆ. ಈಗ ಪ್ರಧಾನ ವಕ್ತೃವಾದ ನನ್ನ ಹೆಂಡತಿಯ ದಿನಚರಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬೆಳಗ್ಗೆ ಐದಕ್ಕೆ ಒಲೆ, ಆಮೇಲೆ ಮೂರು ಡಬ್ಬಿ, ಸ್ಕೂಲ್ ವ್ಯಾನು. ಹನ್ನೊಂದಕ್ಕೆ ನೀರು ಬಿಡುವ ದಿನವಾದರೆ ಸಂಪು, ಬಿಡದ ದಿನವಾದರೆ ಟ್ಯಾಂಕರಿನವನಿಗೆ ಫೋನು. ಸಂಜೆ ಐದರಿಂದ ಹತ್ತರವರೆಗೆ ಮಗಳ ಹೋಂವರ್ಕು, ಅಮ್ಮನ ಮಾತ್ರೆ, ಚಪಾತಿ. ಆಕೆಗೆ ಬಿಡುವಿರುವುದು ಮಧ್ಯಾಹ್ನ ಎರಡರಿಂದ ನಾಲ್ಕು. ಅದೇ ಹೊತ್ತಿಗೆ ಟ್ರೈನರ್ ಬೆಂಚ್‌ಪ್ರೆಸ್ಸಿನ ಮೇಲೆ ಮಲಗಿ ನಿದ್ದೆ ಮಾಡುತ್ತಿರುತ್ತಾನೆ. ಅವನದೂ ಬೆಳಗ್ಗೆ ಐದಕ್ಕೆ ಶುರುವಾದ ದಿನ, ದೂರುವಂತಿಲ್ಲ. ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮಾಡಿ ರಾತ್ರಿ ಮನೆಗೆ ಬರುವ ನಮ್ಮ ಮೇಲಿನ ಮನೆಯವರ ಪಾಡೂ ಇದೇ. ಫ್ಲೆಕ್ಸಿನಲ್ಲಿ ‘ಫ್ಯಾಮಿಲಿ’ ಎಂದರೆ ಒಂಬತ್ತೂವರೆಗೆ ಆಫೀಸಿಗೆ ಹೋಗುವ ಗಂಡಸು, ಮತ್ತು ಆತನಿಗೆ ಸಿಗುವ ರಿಯಾಯಿತಿ.

ಆದ್ದರಿಂದ ಸಿದ್ಧಾಂತ: ಮನೆಯಲ್ಲಿ ಅತ್ಯಂತ ಕಡಮೆ ಬಿಡುವಿರುವವರು ಯಾರೋ, ಅವರ ಬಿಡುವಿನ ಹೊತ್ತಿಗೆ ಬಾಗಿಲು ತೆರೆದಿರುವ, ಅವರು ನಡೆದೇ ತಲುಪಬಹುದಾದ ಜಿಮ್ಮೇ ಸಂಸಾರದ ಜಿಮ್ಮು. ಉಳಿದದ್ದೆಲ್ಲ ಕಬ್ಬಿಣ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತದೆ. ಆ 150 ನಿಮಿಷ ಯಾರ ಕೆಲಸದಿಂದ ಕಡಿಯಬೇಕು ಎಂಬುದನ್ನು ಮನೆಗೇ ಬಿಟ್ಟಿದೆ. ‘ಟ್ಯಾಂಕ್ ತುಂಬ್ತಾ ನೋಡೋಕೆ ದಿನಾ ಮೂರು ಮಹಡಿ ಹತ್ತಿಳೀತೀನಿ, ಅದಕ್ಕೆ ನೀವೇ ನನಗೆ ಫೀಸು ಕೊಡಬೇಕು’ ಎಂಬ ವಕ್ತೃವಿನ ಹೇಳಿಕೆಯನ್ನು ತಿದ್ದುಪಡಿಯಿಲ್ಲದೆ ದಾಖಲಿಸಿದ್ದೇನೆ. ಟ್ರೆಡ್‌ಮಿಲ್ಲಿನ ಪೂರ್ವಜನನ್ನು 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರು ಕೈದಿಗಳಿಗಾಗಿ ರೂಪಿಸಿದ ಸಂಗತಿಯನ್ನು ತಿಳಿಸಿದಾಗ ಆಕೆ ಕೇಳಿದ್ದು ಒಂದೇ: ‘ಅವರಿಗೆ ಅಡುಗೆ ಯಾರು ಮಾಡ್ತಿದ್ರು?’

ಶುಲ್ಕದ ವಿಷಯದಲ್ಲಿ ಪಾಶ್ಚಾತ್ಯ ವಿದ್ವಾಂಸರ ಋಣವನ್ನು ಒಪ್ಪಿಕೊಳ್ಳಬೇಕು. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಜಿಮ್ಮುಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಸರಾಸರಿ ಹೋದದ್ದು ತಿಂಗಳಿಗೆ 4.3 ಸಲ. ಭೇಟಿಗೆ ಹತ್ತೇ ಡಾಲರ್ ಬೀಳುವ ಹತ್ತು ಭೇಟಿಗಳ ಪಾಸ್ ಇದ್ದರೂ ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು ತೆತ್ತರು. ಇದನ್ನು ಅನುಸರಿಸಿ ಹೇಳುವುದಾದರೆ, ವರ್ಷದ ಹಣವನ್ನು ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳಿಗೆ ಕಟ್ಟಿ, ನಿಜವಾಗಿ ಹೋಗುವ ಹೊತ್ತಿನಲ್ಲೇ ಒಮ್ಮೆ ಹೋಗಿ ಕಿಟಕಿ, ಶೌಚಾಲಯ, ನೂಕುನುಗ್ಗಲು ನೋಡಿ. ಕೆಳಗಡೆ ಬೇಕರಿ ಇದ್ದರೆ ಅದನ್ನೂ ಖರ್ಚಿನ ಲೆಕ್ಕಕ್ಕೆ ಹಿಡಿಯಿರಿ. ಖಾರಾ ಬನ್ನಿನ ವಾಸನೆ ಮೂರನೆಯ ಮಹಡಿಗೂ ಬರುತ್ತದೆ. 2022ರಲ್ಲಿ ನಾಗಸಂದ್ರದಲ್ಲಿ ತೆರೆದ ಐಕಿಯಾವನ್ನೇ ಜಿಮ್ಮೆಂದು ಪರಿಗಣಿಸಬೇಕೆಂಬ ಮಗಳ ಮಂಡನೆ ಗಂಭೀರವಾದದ್ದು. ನೆಲದ ಬಾಣಗಳನ್ನು ನಂಬಿದರೆ ಇಡೀ ಕುಟುಂಬ ಬೇಕಾದಷ್ಟು ನಡೆಯುತ್ತದೆ, ಪ್ರವೇಶ ಉಚಿತ. ಹೊರಬರುವಾಗ ಕೈಯಲ್ಲಿರುವ ಮೇಣದಬತ್ತಿಗಳ ಬಿಲ್ಲು ಮಾತ್ರ ಬೇರೆ ಶೀರ್ಷಿಕೆಯಡಿ ಬರುತ್ತದೆ.

ಸಂಸಾರವೆಲ್ಲ ಒಟ್ಟಿಗೆ ಹೋಗಿ ಜಿಮ್ಮನ್ನು ಪರಿಶೀಲಿಸಲು ವರ್ಷದಲ್ಲಿ ಸೂಕ್ತವಾದ ದಿನ ಆಯುಧಪೂಜೆ. ಅಂದು ಡಂಬೆಲ್ಲುಗಳಿಗೆ ಕುಂಕುಮ, ಕಂಬಗಳಿಗೆ ಬಾಳೆಕಂದು. ಜನವರಿಯಲ್ಲಿ ಸೇರಿ ಫೆಬ್ರವರಿಯಲ್ಲಿ ಕಣ್ಮರೆಯಾದ ಸದಸ್ಯರೂ ಅಂದು ಬರುತ್ತಾರೆ, ಹೆಂಡತಿ ಮಕ್ಕಳೊಂದಿಗೆ. ಬ್ಯಾಚಿನ ಭೇದವಿಲ್ಲ, ಯಾರೂ ಏನನ್ನೂ ಎತ್ತುವಂತಿಲ್ಲ, ಎಲ್ಲರಿಗೂ ಕಡಲೆಪುರಿ. ಅಮ್ಮ ಟ್ರೆಡ್‌ಮಿಲ್ಲಿಗೆ ಹೂವಿಟ್ಟು ಕೈಮುಗಿದು, ಟ್ರೈನರನ್ನು ಹತ್ತಿರ ಕರೆದು ಕೇಳಿದರು: ‘ಮಗಾ, ಇದು ಎಷ್ಟು ಮೈಲೇಜ್ ಕೊಡುತ್ತೆ?’

‘ಇದು ಕರೆಂಟಲ್ಲಿ ಓಡೋದು ಅಜ್ಜಿ.’

‘ಹಂಗಾದ್ರೆ ಇವನ್ಯಾಕೆ ಓಡಬೇಕು?’