ಮೀನಿಲ್ಲದ ಹೊತ್ತಲ್ಲಿ ಎಂಬಿಎ

ಎಂಬಿಎ ಸೇರಿದವರೆಲ್ಲ ಫೈನಾನ್ಸ್, ಮಾರ್ಕೆಟಿಂಗ್ ಎಂದು ಓಡುತ್ತಿದ್ದಾಗ ನಾನು ಸೋಷಿಯಲ್ ಸೆಕ್ಟರ್ ಹಿಡಿದೆ. ಬಡವರ ಮೇಲಿನ ಕನಿಕರಕ್ಕಿಂತ ಅಕೌಂಟೆನ್ಸಿಯಲ್ಲಿ ಬಂದ ನನ್ನ ಅಂಕಗಳ ಮೇಲಿನ ಕನಿಕರವೇ ಇದಕ್ಕೆ ಕಾರಣ. ದಾವಣಗೆರೆಗೆ ಫೋನ್ ಮಾಡಿ ಹೇಳಿದರೆ ಅಪ್ಪ, ‘ಸೇವೆ ಮಾಡೋಕೂ ಫೀಸು ಕಟ್ಬೇಕೇನಲೇ?’ ಎಂದರು. ನಾನು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ತೆಗೆದೆ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಅದಕ್ಕೆಲ್ಲ ಲೆಕ್ಕ ಬರೆಯಲು ನನ್ನಂಥವರು ಬೇಕು ಎಂದು ವಿವರಿಸಿದೆ. ‘ಹಂಗಾದ್ರೆ ಲೆಕ್ಕದ ಕೆಲ್ಸನೇ ಅನ್ನು’ ಎಂದು ಫೋನ್ ಇಟ್ಟರು.

ಬೇಸಿಗೆಯ ಇಂಟರ್ನ್‌ಶಿಪ್‌ಗೆ ಸಿಕ್ಕಿದ್ದು ಉತ್ತರ ಚೆನ್ನೈನ ಕಾಸಿಮೇಡು ಮೀನುಗಾರಿಕಾ ಬಂದರು. ವಿಷಯ: ಮೀನು ಮಾರುವ ಹೆಂಗಸರ ಸಬಲೀಕರಣ. ಹರಾಜು ನಸುಕಿಗೆ ಮುಂಚೆಯೇ ಶುರುವಾಗುತ್ತದೆ ಎಂದು ಓದಿಕೊಂಡಿದ್ದರಿಂದ ಮೊಣಕಾಲುದ್ದದ ಹೊಸ ಗಮ್‌ಬೂಟ್ ಏರಿಸಿ, ಆಟೋದವನು ಕೇಳಿದಷ್ಟು ಕೊಟ್ಟು, ಮೂರು ಗಂಟೆಗೆಲ್ಲ ಹೋಗಿ ನಿಂತೆ. ಹರಾಜು ಕಟ್ಟೆಯ ಮೇಲೆ ಒಂದು ನಾಯಿ ಮಲಗಿತ್ತು. ದೋಣಿಗಳೆಲ್ಲ ಸಂತೆ ಮುಗಿದ ಮೇಲಿನ ಎತ್ತಿನ ಗಾಡಿಗಳ ಹಾಗೆ ಒಂದಕ್ಕೊಂದು ಒರಗಿ ನಿಂತಿದ್ದವು. ಬಲೆಗಳ ರಾಶಿಗೆ ತಲೆ ಕೊಟ್ಟು ಮಲಗಿದ್ದ ಮುದುಕರೊಬ್ಬರು ನನ್ನ ಬೂಟನ್ನೇ ನೋಡಿ, ‘ತಡೈ ಕಾಲಂ, ತಂಬಿ’ ಎಂದು ಮಗ್ಗುಲು ಬದಲಿಸಿದರು.

ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ನಮ್ಮ ಮಲ್ಪೆ, ಮಂಗಳೂರಿನಲ್ಲಿ ಇದೇ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ನನ್ನ ಇಂಟರ್ನ್‌ಶಿಪ್? ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ! ಮೀನಿಗೂ ನನಗೂ ಒಂದೇ ಅವಧಿ; ಆದರೆ ಆ ಅವಧಿಯಲ್ಲಿ ಮೀನು ಏನಾದರೂ ಹುಟ್ಟಿಸುತ್ತದೆ. ಗೈಡ್‌ಗೆ ಫೋನ್ ಮಾಡಿದೆ. ‘ಮೀನಿಲ್ಲದಿದ್ದರೇನು, ಸ್ಟೇಕ್‌ಹೋಲ್ಡರ್‌ಗಳಿದ್ದಾರಲ್ಲ’ ಎಂದರು.

ಇದ್ದರು. ಒಬ್ಬ ಅಕ್ಕ ಐಸ್ ಪೆಟ್ಟಿಗೆಯಿಂದ ಮೀನು ತೆಗೆದು ಹೆಚ್ಚುತ್ತಿದ್ದರು. ಎಲ್ಲಿಯದೆಂದು ಕೇಳಿದರೆ, ‘ನಿಮ್ಮ ಮಂಗಳೂರಿಂದ ಲಾರಿಯಲ್ಲಿ ಬಂದದ್ದು’ ಎಂದರು. ನನಗಿಂತ ಮೊದಲೇ ಕರ್ನಾಟಕದಿಂದ ಉಪಯೋಗಕ್ಕೆ ಬರುವಂಥದ್ದೊಂದು ಅಲ್ಲಿಗೆ ತಲುಪಿತ್ತು. ನನ್ನ ತಮಿಳು ರಜನಿಕಾಂತ್ ಸಿನಿಮಾದ್ದು. ಆ ತಮಿಳಲ್ಲಿ ಸವಾಲು ಹಾಕಬಹುದು, ಸಾಲದ ವಿಚಾರ ಕೇಳುವುದು ಕಷ್ಟ. ಹೇಗೋ ಹದಿನಾಲ್ಕನೇ ಪ್ರಶ್ನೆಗೆ ಬಂದೆ: ಮುಂದಿನ ಐದು ವರ್ಷದಲ್ಲಿ ನಿಮ್ಮನ್ನು ನೀವು ಎಲ್ಲಿ ಕಾಣಬಯಸುತ್ತೀರಿ?

‘ಇಲ್ಲೇ. ನೀನು?’

ಉತ್ತರ ಹುಡುಕುತ್ತಿದ್ದಾಗ ಮೀನಿನ ಹುರುಪೆಯೊಂದು ಹಾರಿ ಬಂದು ಫಾರ್ಮಿನ ಉತ್ತರದ ಚೌಕದಲ್ಲೇ ಅಂಟಿಕೊಂಡಿತು. ಕೆರೆದರೆ ಕಾಗದ ಹರಿಯಿತು.

ಸಾಲದ ವಿಷಯಕ್ಕೆ ಬಂದಾಗ ಮಾತ್ರ ನನಗೆ ಜೀವ ಬಂತು. ದೋಣಿ ಹೋಗುವ ಕಾಲದಲ್ಲಿ ನಸುಕಿಗೆ 900 ರೂಪಾಯಿ ತಗೊಂಡು ಸಂಜೆಗೆ 1,000 ಕೊಡುತ್ತಾರಂತೆ. ಮೊಬೈಲ್ ತೆಗೆದು ಲೆಕ್ಕ ಹಾಕಿದೆ: ದಿನಕ್ಕೆ ಶೇ 11ಕ್ಕೂ ಮೇಲೆ, ವರ್ಷಕ್ಕೆ ಶೇ 4,000 ದಾಟುತ್ತದೆ! ಅಕ್ಕನಿಗೆ ಪರದೆ ತೋರಿಸಿ, ಬ್ಯಾಂಕಿಗೆ ಯಾಕೆ ಹೋಗಬಾರದು ಎಂದೆ.

‘ಬೆಳಗಿನ ಜಾವ ಎರಡು ಗಂಟೆಗೆ ಯಾವ ಬ್ಯಾಂಕು ತೆಗೆದಿರುತ್ತೆ, ತಂಬಿ? ಹೆಸರು ಹೇಳು, ನಾಳೆಯೇ ಹೋಗ್ತೀನಿ.’

ಎರಡು ಸೆಮಿಸ್ಟರ್‌ನಲ್ಲಿ ಯಾವ ಪ್ರೊಫೆಸರೂ ಈ ಪ್ರಶ್ನೆ ಕೇಳಿರಲಿಲ್ಲ. ರಾತ್ರಿ ಹಾಸ್ಟೆಲ್‌ನಲ್ಲಿ ಕೂತು, ಹೆಂಗಸರೇ ಸೇರಿ ತಮಗೆ ತಾವೇ ಸಣ್ಣ ಸಾಲ ಕೊಟ್ಟುಕೊಳ್ಳುವ ಮಹಾ ಯೋಜನೆಯೊಂದನ್ನು ಕಂಡುಹಿಡಿದು ಹದಿನೆಂಟು ಸ್ಲೈಡ್ ಮಾಡಿದೆ. ಆಮೇಲೆ ಓದಿದರೆ, ಜಯಾ ಅರುಣಾಚಲಂ ಇದೇ ಚೆನ್ನೈನಲ್ಲಿ 1978ರಲ್ಲೇ ವರ್ಕಿಂಗ್ ವುಮೆನ್ಸ್ ಫೋರಂ ಕಟ್ಟಿ ಬಡ ಹೆಂಗಸರಿಗೆ ಸಣ್ಣ ಸಾಲ ಕೊಡಿಸತೊಡಗಿದ್ದರು. ನಮ್ಮ ಕಡೆ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲೇ ಸ್ವಸಹಾಯ ಸಂಘಗಳನ್ನು ಬೆಳೆಸಿತ್ತು. 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸಿತ್ತು. ದಾವಣಗೆರೆಯಲ್ಲಿ ನನ್ನ ಅಮ್ಮನೇ ಅಂಥ ಒಂದು ಸಂಘದ ಖಜಾಂಚಿ. ಪ್ರತಿ ಸೋಮವಾರ ನಮ್ಮ ಪಡಸಾಲೆಯಲ್ಲಿ ಸಭೆ ಕೂತಾಗ, ಗಲಾಟೆ ಎಂದು ಬಾಗಿಲು ಹಾಕಿಕೊಂಡು ಒಳಗೆ ಓದುತ್ತಿದ್ದವನು ನಾನೇ.

ವರದಿಗೆ ‘ಎ’ ಗ್ರೇಡ್ ಬಂತು. ಇನ್ನು, ಇದೇ ವಿಷಯ ಹಿಡಿದು ಹೊರಟಿರುವ ತಮ್ಮ ತಂಗಿಯರಲ್ಲಿ ಒಂದು ವಿನಂತಿ. ಕಾಸಿಮೇಡಿಗಾದರೆ ಜೂನ್ 15ರ ನಂತರ ಹೋಗಿ, ಮಲ್ಪೆಗಾದರೆ ಆಗಸ್ಟ್‌ನಲ್ಲಿ. ಗಮ್‌ಬೂಟ್ ಬೇಕಾದವರು ನನ್ನನ್ನು ಕೇಳಿ, ಒಂಬತ್ತನೇ ಸೈಜು, ಇನ್ನೂ ನೀರು ಮುಟ್ಟಿಲ್ಲ.