ಪತ್ತಿಕೊಂಡ ಪರೀಕ್ಷಾ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ನಾಲ್ಕು ಸಂಗತಿ ಹೇಳಬೇಕೆಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ: ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ. ಪ್ರಸ್ತುತ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ ಇಂಟರ್ ಮುಗಿಸಿ ಕರಿಕೋಟಿನ ಕನಸು ಕಾಣುತ್ತಿರುವ ಪತ್ತಿಕೊಂಡದ ಹುಡುಗ ಅಥವಾ ಹುಡುಗಿ. ವಿಷಯ, ಕಾನೂನು ಪ್ರವೇಶ ಪರೀಕ್ಷೆಗೆ ಮುನ್ನ ಬರೆಯುವ ಮಾಕ್ ಟೆಸ್ಟು ಮತ್ತು ಅದರಲ್ಲಿ ಏರದೆ ಕೂತ ಅಂಕ. ಪ್ರಯೋಜನ, ಆ ಅಂಕ ಏರುವುದು. ಸಂಬಂಧವೆಂದರೆ ಸೋದರಮಾವ. ಫಲಿತಾಂಶ ತೆರೆದ ಐದು ನಿಮಿಷದೊಳಗೆ "ಎಷ್ಟ್ ಬಂದ್ವಲೇ?" ಎಂದು ಕೇಳುವವರು ಅವರೇ ಆದ್ದರಿಂದ, ಅವರನ್ನು ಬಿಟ್ಟು ಈ ಶಾಸ್ತ್ರದಲ್ಲಿ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ.

ಮೊದಲಿಗೆ ಕ್ಷೇತ್ರಮಹಿಮೆ. ನ್ಯಾಯಶಾಸ್ತ್ರಕ್ಕೂ ಈ ಸೀಮೆಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಬೃಂದಾವನಸ್ಥರಾಗಿ ನೂರಕ್ಕೂ ಹೆಚ್ಚು ವರ್ಷ ಕಳೆದಿದ್ದ ಮಂತ್ರಾಲಯದ ರಾಯರು, ಮಠದ ಇನಾಂ ವಿಚಾರಣೆಗೆ ಬಂದ ಥಾಮಸ್ ಮನ್ರೋ ಸಾಹೇಬರೆದುರು ತಾವೇ ಕಾಣಿಸಿಕೊಂಡು ಮಾತಾಡಿದರು, ಇನಾಂ ಉಳಿಯಿತು ಎಂಬುದು ಐತಿಹ್ಯ. ವಕಾಲತ್ತು ಹಾಕದೆ, ವಾಯಿದೆ ಕೇಳದೆ ಒಂದೇ ಹಿಯರಿಂಗಿನಲ್ಲಿ ಗೆದ್ದ ಇಂಥ ಇನ್ನೊಂದು ಕೇಸು ಜಿಲ್ಲೆಯ ಯಾವ ವಕೀಲರಿಗೂ ನೆನಪಿಲ್ಲ. ಅದೇ ಮನ್ರೋ ಮುಂದೆ ಮದ್ರಾಸಿನ ಗವರ್ನರಾಗಿ, ಊರಿಗೆ ಮರಳುವ ಮುನ್ನ ದತ್ತ ಮಂಡಲವನ್ನು ಕೊನೆಯದಾಗಿ ನೋಡಲು ಬಂದು, 1827ರ ಜುಲೈ 6ರಂದು ಕಾಲರಾ ತಗುಲಿ ಪತ್ತಿಕೊಂಡದಲ್ಲೇ ತೀರಿಕೊಂಡರು. ಆಗ ಈ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು. ಕರ್ನೂಲಿಗೆ ಸೇರಿದ್ದು 1858ರಲ್ಲಿ. ಜಿಲ್ಲೆ ಬದಲಾದರೂ ಅಡುಗೆಮನೆಯ ಮಾತು ಅನೇಕ ಮನೆಗಳಲ್ಲಿ ಬದಲಾಗಲಿಲ್ಲ. ಆದ್ದರಿಂದ ಇಲ್ಲಿನ ಕನ್ನಡದ ಕೂಸು ಅವ್ವನ ಹತ್ತಿರ ಕನ್ನಡದಲ್ಲಿ ಜಗಳವಾಡಿ, ಬಜಾರಿನಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ, ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ತರ್ಕಿಸಬೇಕು.

ಪರೀಕ್ಷೆಗಳು ಎರಡು. ಒಂದು ಆಂಧ್ರದ ಲಾಸೆಟ್: 90 ನಿಮಿಷ, 120 ಪ್ರಶ್ನೆ, ತಪ್ಪಿಗೆ ದಂಡವಿಲ್ಲ, ಪಾಸಾಗಲು ಸಾಮಾನ್ಯವಾಗಿ ನೂರಕ್ಕೆ 35, ಅಂದರೆ 42 ಅಂಕ. ಇನ್ನೊಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕ್ಲ್ಯಾಟ್: ಈಗಿನ ಕ್ರಮದಲ್ಲಿ 120 ನಿಮಿಷ, 120 ಪ್ರಶ್ನೆ, ಪ್ರತಿ ತಪ್ಪಿಗೂ ಕಾಲು ಅಂಕ ಕಡಿತ. ಇಲ್ಲಿ ಪಂಡಿತಲೋಕದ ಗಮನಕ್ಕೆ ಬಾರದೆ ಉಳಿದ ಒಂದು ಪ್ರಮೇಯವನ್ನು ಮಂಡಿಸುತ್ತೇನೆ. ಲಾಸೆಟ್‌ನಲ್ಲಿ 16 ಪ್ರಶ್ನೆ ಮಾತ್ರ ಬಲ್ಲವನು ಉಳಿದ 104ಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೆ, ನಾಲ್ಕರಲ್ಲೊಂದು ತಗುಲುವ ಲೆಕ್ಕದಲ್ಲಿ 26 ಬರುತ್ತದೆ. ಹದಿನಾರು, ಇಪ್ಪತ್ತಾರು, ನಲವತ್ತೆರಡು. ಹೀಗೆ ಅಜ್ಞಾನಕ್ಕೆ ಜ್ಞಾನಕ್ಕಿಂತ ಹತ್ತು ಅಂಕ ಹೆಚ್ಚೆಂಬುದು ಗಣಿತದಿಂದಲೇ ಸಿದ್ಧವಾಯಿತು. ಕ್ಲ್ಯಾಟ್ ಇಷ್ಟು ಉದಾರಿಯಲ್ಲ. ಅಲ್ಲಿ ಕುರುಡು ಗುರುತಿನ ಲಾಭ ಪ್ರಶ್ನೆಗೆ ಹದಿನಾರರಲ್ಲೊಂದು ಪಾಲು. ಹದಿನಾರು ಪ್ರಶ್ನೆಗೆ ದೇವರ ಹೆಸರು ಹೇಳಿ ಗುರುತು ಹಾಕಿದರೆ ಸರಾಸರಿ ಒಂದು ಅಂಕ ಉಳಿಯುತ್ತದೆ. ದೇವರ ಪಾಲು ಇದಕ್ಕಿಂತ ಹೆಚ್ಚಿರಬಹುದೆಂಬ ಪೂರ್ವಪಕ್ಷವನ್ನು ಅವ್ವಂದಿರು ಎತ್ತಿದ್ದಾರೆ. ಪುರಾವೆ ಇನ್ನೂ ಬರಬೇಕಿದೆ.

ಈಗ ಮುಖ್ಯ ವಿವಾದ: ಅಂಕ ಯಾಕೆ ಏರಿಳಿಯುತ್ತದೆ? ಈ ವಿಷಯದಲ್ಲಿ ಪ್ರಬಲವಾದದ್ದು ಮಾತುಲ ಸಂಪ್ರದಾಯ. "ಹ್ವಾದ ವಾರ ಎಪ್ಪತ್ತೆಂಟು ಇತ್ತಲ್ಲೋ, ಈಗ್ಯಾಕ ಎಪ್ಪತ್ತೊಂದು? ಫೋನ್ ಹಿಡ್ಕೊಂಡು ಕುಂತಿದ್ಯೇನು?" ಎಂಬುದು ಆ ಸಂಪ್ರದಾಯದ ಮೂಲಸೂತ್ರ. ಏರಿದರೆ ತಮ್ಮ ಬೈಗುಳದ ಫಲ, ಇಳಿದರೆ ಫೋನಿನ ಫಲ. ಪತ್ತಿಕೊಂಡ ಮಾರ್ಕೆಟ್‌ಗೆ ಟೊಮೇಟೊ ಹಾಕುವ ರೈತರದು ಇದಕ್ಕೆ ವಿರುದ್ಧವಾದ ಪಂಥ: ಬೆಳೆದವನ ತಪ್ಪಿಲ್ಲದೆಯೂ ರೇಟು ಬೀಳುತ್ತದೆ, ಮಾಕ್ ಅಂಕವೂ ಹಾಗೆಯೇ. ಗಣಿತ ರೈತರ ಕಡೆಗಿದೆ. ನೂರಕ್ಕೆ ಅರವತ್ತರಷ್ಟು ತಿಳಿದ ಅಭ್ಯರ್ಥಿ 120ರಲ್ಲಿ ಸರಾಸರಿ 72 ಸರಿ ಮಾಡುತ್ತಾನೆ. ಆದರೆ ಅವನ ಜ್ಞಾನ ಒಂದು ಕೂದಲಷ್ಟೂ ಅಲುಗದಿದ್ದರೂ ಮೂರರಲ್ಲಿ ಎರಡು ಸಲ ಮಾತ್ರ 67ರಿಂದ 77ರ ನಡುವೆ ಇರುತ್ತಾನೆ, ಮಿಕ್ಕ ಸಲ ಅದರಾಚೆ. ಎಪ್ಪತ್ತೆಂಟಕ್ಕೆ ಹಂಚಿದ ಪೇಡೆಯೂ ಎಪ್ಪತ್ತೊಂದಕ್ಕೆ ಬಿದ್ದ ಬೈಗುಳವೂ ಒಂದೇ ಮಿದುಳಿಗೆ ಸಂದವು. ದಿನಕ್ಕೊಂದು ಮಾಕ್ ಬರೆದು ಗ್ರಾಫ್ ನೋಡುವುದನ್ನೇ ಓದು ಎಂದುಕೊಂಡವರು ಇದನ್ನು ಇನ್ನೊಮ್ಮೆ ಓದಬೇಕು.

ಓದುವ ಕ್ರಮದ ಬಗ್ಗೆಯೂ ಎರಡು ಪಂಥಗಳಿವೆ. ಕ್ಲ್ಯಾಟ್‌ನಲ್ಲಿ 2020ರಿಂದ ಉದ್ದುದ್ದ ಗದ್ಯಭಾಗ ಕೊಟ್ಟು ಕೆಳಗೆ ಪ್ರಶ್ನೆ ಕೇಳುತ್ತಾರೆ. ಗದ್ಯ ಮೊದಲೋ ಪ್ರಶ್ನೆ ಮೊದಲೋ ಎಂದು ಕೋಚಿಂಗ್ ಲೋಕ ಇಂದಿಗೂ ಬಡಿದಾಡುತ್ತಿದೆ. ಹಳೆಯ ಪತ್ತಿಕೊಂಡ ತಾಲೂಕಿನ ಎರ್ರಗುಡಿಯಲ್ಲಿ ಅಶೋಕನ ಲಿಪಿಕಾರ ಇದನ್ನು ಎಂದೋ ಬಗೆಹರಿಸಿದ್ದಾನೆ. ಅಲ್ಲಿನ ಕಿರುಶಾಸನದ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಕೆತ್ತಲಾಗಿದೆ. ಎರಡೂ ಪಂಥದವರನ್ನು ಒಂದೇ ಬಂಡೆಯ ಮೇಲೆ ಕೂರಿಸಿದ ಆ ಮಹಾನುಭಾವನಿಗೆ ಎಷ್ಟು ನಿಮಿಷ ಹಿಡಿಯಿತೆಂಬುದು ಮಾತ್ರ ಶಾಸನೋಕ್ತವಲ್ಲ.

ಇನ್ನು ಈ ಗ್ರಂಥದ ತಿರುಳಾದ ವಜ್ರಪ್ರಕರಣ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜೊನ್ನಗಿರಿ, ತುಗ್ಗಲಿ ಕಡೆಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿ ವಜ್ರ ಹುಡುಕುವುದು ಲೋಕಪ್ರಸಿದ್ಧ. ಪರವೂರಿನವರೂ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಸಿಕ್ಕ ಕಲ್ಲನ್ನು ವ್ಯಾಪಾರಿಗಳು ಗುಟ್ಟಾಗಿ ಕೊಳ್ಳುತ್ತಾರೆ. ಈಗ ಮಾಕ್ ಪ್ರಶ್ನೆ ಹೀಗಿದೆ ಎಂದುಕೊಳ್ಳಿ. ನಿಯಮ: ಬಿದ್ದ ವಸ್ತು ಸಿಕ್ಕವನಿಗೆ ನಿಜವಾದ ಒಡೆಯನೊಬ್ಬನನ್ನು ಬಿಟ್ಟು ಮಿಕ್ಕೆಲ್ಲರ ಎದುರು ಹಕ್ಕಿದೆ. ಸಂಗತಿ: ಹುಡುಗನೊಬ್ಬ ಸಿಕ್ಕ ಒಡವೆಯನ್ನು ಅಂಗಡಿಗೆ ಒಯ್ದ, ಅಂಗಡಿಯಾಳು ತೂಕ ನೋಡುವ ನೆಪದಲ್ಲಿ ಹರಳು ಕಿತ್ತುಕೊಂಡ. ಹಕ್ಕು ಯಾರದು? ಇದು 1722ರಲ್ಲಿ ಲಂಡನ್ನಿನ ಹೊಗೆಗೂಡು ಗುಡಿಸುವ ಹುಡುಗನಿಗೆ ಆದದ್ದೇ. ಆರ್ಮರಿ ವಿರುದ್ಧ ಡೆಲಮಿರಿ ಎಂಬ ಆ ಮೊಕದ್ದಮೆಯಲ್ಲಿ ಹುಡುಗ ಗೆದ್ದ. ಹರಳನ್ನು ತಂದು ತೋರಿಸದ ಅಂಗಡಿಯವನು ಅತ್ಯುತ್ತಮ ಹರಳಿನ ಬೆಲೆಯನ್ನೇ ತೆರಬೇಕಾಯಿತು.

ದೆಹಲಿಯ ಹುಡುಗಿ ಇದಕ್ಕೆ ಅರ್ಧ ನಿಮಿಷದಲ್ಲಿ ಸರಿ ಉತ್ತರ ಬರೆಯುತ್ತಾಳೆ. ಪತ್ತಿಕೊಂಡದ ಅಭ್ಯರ್ಥಿ ಮೂರು ನಿಮಿಷ ಯೋಚಿಸಿ ತಪ್ಪು ಬರೆಯುತ್ತಾನೆ. ಕಾರಣ ದಡ್ಡತನವಲ್ಲ, ಅತಿಜ್ಞಾನ. ಸಿಕ್ಕವರ ಕೈಗೆ ಎಷ್ಟು ಬರುತ್ತದೆ, ವ್ಯಾಪಾರಿಯ ಕೈಯಲ್ಲಿ ಎಷ್ಟು ಉಳಿಯುತ್ತದೆ, ಸುದ್ದಿ ಹಬ್ಬಿದರೆ ಯಾರು ಯಾರು ಬಾಗಿಲು ತಟ್ಟುತ್ತಾರೆ ಎಂಬುದನ್ನೆಲ್ಲ ಅವನು ಹುಟ್ಟಿದಾಗಿನಿಂದ ಕೇಳಿದ್ದಾನೆ. ಹೊಲದವನದು ಎಂದು ಅಪ್ಪ, ಸರ್ಕಾರದ್ದು ಎಂದು ಮಾವ, ಭೂಮಿತಾಯಿಯದು ಎಂದು ಅಜ್ಜಿ. ಮೂವರ ವಾದವನ್ನೂ ತೂಗಿ "ವ್ಯಾಪಾರಿಯದು" ಎಂಬ ವಾಸ್ತವಕ್ಕೆ ಗುರುತು ಹಾಕಿ ಒಂದು ಅಂಕ ಮತ್ತು ಕಾಲು ಕಳೆದುಕೊಳ್ಳುತ್ತಾನೆ. ಕಾನೂನು ವಿಭಾಗದಲ್ಲಿ ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹಚ್ಚುವುದಷ್ಟೇ ಕೆಲಸ; ಹೊರಗಿನ ತಿಳಿವಳಿಕೆ ಬೇಡ. ಊರನ್ನು ಮರೆತವನಿಗೆ ಮಾತ್ರ ಅಂಕ.

ಪ್ರಸಕ್ತ ವಿದ್ಯಮಾನದ ವಿಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜಧಾನಿ ಅಥವಾ ಹೈಕೋರ್ಟ್, ಎರಡರಲ್ಲೊಂದು ರಾಯಲಸೀಮೆಗೆ ಎಂದ ಶ್ರೀಬಾಗ್ ಒಪ್ಪಂದ 1937ರದು. ಕರ್ನೂಲಿನಲ್ಲಿ ಹೈಕೋರ್ಟ್ ಪೀಠ ಬೇಕೆಂದು ಆಂಧ್ರ ವಿಧಾನಸಭೆ ನಿರ್ಣಯ ಮಾಡಿದ್ದು 2024ರ ನವೆಂಬರಿನಲ್ಲಿ. ಎಂಬತ್ತೇಳು ವರ್ಷ ಹಳಸದ ವಿದ್ಯಮಾನ ನಮ್ಮ ಜಿಲ್ಲೆಯಲ್ಲಷ್ಟೇ ಸಿಗುತ್ತದೆ. ಹಳೆಯ ನೋಟ್ಸ್ ಯಾರೂ ರದ್ದಿಗೆ ಹಾಕಬಾರದು.

ಮೊದಲು ಹೊಳೆದ ಉತ್ತರವೇ ಸರಿ ಎಂಬ ಆಪ್ತವಾಕ್ಯವೊಂದಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಉತ್ತರಪತ್ರಿಕೆಗಳಲ್ಲಿ ರಬ್ಬರ್ ಗುರುತು ಎಣಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮುರಿಯಿತು: ತಿದ್ದಿ ಗೆದ್ದವರು ತಿದ್ದಿ ಕೆಟ್ಟವರ ಎರಡರಷ್ಟು. ಕ್ಲ್ಯಾಟ್ ಹಾಳೆಗೆ ಬಾಲ್ ಪೆನ್ನು, ರಬ್ಬರ್ ನಡೆಯದು. ಆದ್ದರಿಂದ ಪಶ್ಚಾತ್ತಾಪವನ್ನು ವೃತ್ತ ತುಂಬುವ ಮುಂಚೆಯೇ ಮುಗಿಸಿಕೊಳ್ಳತಕ್ಕದ್ದು. ಉತ್ತರಸೂಚಿಯೇ ತಪ್ಪು ಎಂಬ ಮಾವನ ಕೊನೆಯ ವಾದವನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. 2024ರ ಡಿಸೆಂಬರಿನಲ್ಲಿ ನಡೆದ ಕ್ಲ್ಯಾಟ್‌ನ ಉತ್ತರಸೂಚಿ ದೆಹಲಿ ಹೈಕೋರ್ಟ್ ಹತ್ತಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಆದರೆ ಮನೆಯ ಮಾಕ್‌ಗೆ ಮೇಲ್ಮನವಿ ಇಲ್ಲ.

ಉಭಯ ಪಕ್ಷಗಳ ವಾದ ಕೇಳಿ ಆದೇಶಿಸಿದ್ದೇನೆಂದರೆ: ಅಭ್ಯರ್ಥಿಯು ಒಂದು ಮಾಕ್‌ನಲ್ಲಿ ತಪ್ಪಿದ ಪ್ರತಿ ಪ್ರಶ್ನೆಯನ್ನೂ ಅದು ತಪ್ಪಿದ ಕಾರಣವನ್ನೂ ಸ್ವಂತ ಕೈಯಲ್ಲಿ ಬರೆದು ಮುಗಿಸುವವರೆಗೆ ಮುಂದಿನ ಮಾಕ್ ಮುಟ್ಟಕೂಡದು. "ಅವಸರದಲ್ಲಿ ಹೋಯ್ತು" ಎಂಬುದು ಕಾರಣವಲ್ಲ. "ಅಲ್ಲ" ಎಂಬ ಪದ ಕಾಣಲಿಲ್ಲ, ನಿಯಮ ಬಿಟ್ಟು ಊರಿನ ನ್ಯಾಯ ಹಚ್ಚಿದೆ, ಎರಡಕ್ಕಿಳಿಸಿ ನಾಣ್ಯ ಹಾರಿಸಿದೆ ಎಂದು ಬಿಡಿಸಿ ಬರೆಯತಕ್ಕದ್ದು. ಸೋದರಮಾವನವರು ಆ ಪುಸ್ತಕ ನೋಡದೆ ಅಂಕ ಕೇಳಕೂಡದು. ಕೇಳಿದಲ್ಲಿ, ಅವರ ಮುಂದೆ ಪ್ರತಿ ಅಭ್ಯರ್ಥಿಯೂ ಆರೋಪಿಯೇ ಆದ್ದರಿಂದ, ಸಂವಿಧಾನದ 20(3)ನೇ ವಿಧಿಯಂತೆ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯಲು ಆತ ಬದ್ಧನಲ್ಲ. ವ್ಯಾಜ್ಯದ ಖರ್ಚನ್ನು, ಬಸ್ ಸ್ಟ್ಯಾಂಡಿನ ಎರಡು ಪ್ಲೇಟ್ ಒಗ್ಗಾಣಿ ಮಿರ್ಚಿ ಬಜ್ಜಿ ಸಹಿತ, ಮಾವನವರೇ ಭರಿಸತಕ್ಕದ್ದು.